ಒಂದೇ ಕೈಯಡುಗೆ, ನಾಲ್ಕು ಊರು: ನಗರಗಳ ಹೋಟೆಲುಗಳು ಬೇರೆ ಬೇರೆಯಾದದ್ದು ಹೇಗೆ?

ಬೆಂಗಳೂರಿನ ದೋಸೆ ಮೇಲೋ ಚೆನ್ನೈನ ದೋಸೆ ಮೇಲೋ, ಮುಂಬೈನಲ್ಲಿ ಊಟ ಅಗ್ಗವೋ ಹೈದರಾಬಾದಿನಲ್ಲೋ ಎಂಬ ವಾದಗಳು ಮುಗಿಯುವಂಥವಲ್ಲ. ಚಿಕ್ಕಂದಿನಿಂದ ಬೆಲ್ಲ ಬಿದ್ದ ಸಾಂಬಾರು ಉಂಡವರಿಗೆ ಚೆನ್ನೈನ ಮೈಲಾಪುರದ ಸಾಂಬಾರು ಸಪ್ಪೆ ಎನಿಸುತ್ತದೆ, ಮೈಲಾಪುರದವರಿಗೆ ನಮ್ಮದು ಪಾಯಸದಂತೆ ಕಾಣುತ್ತದೆ. ಇಬ್ಬರೂ ತಮ್ಮ ನಾಲಗೆಯ ಅಭ್ಯಾಸವನ್ನೇ ತೀರ್ಪೆಂದು ತಿಳಿದಿರುತ್ತಾರೆ. ನಗರಗಳ ಹೋಟೆಲುಗಳನ್ನು ಹೋಲಿಸಲು ರುಚಿಗಿಂತ ಗಟ್ಟಿಯಾದ ಅಳತೆಗೋಲು ಬೇಕು. ನನ್ನ ಮಟ್ಟಿಗೆ ಆ ಅಳತೆಗೋಲು ಹೋಟೆಲಿನ ಕುರ್ಚಿ. ಅದರ ಮೇಲೆ ಯಾರು ಕೂರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ, ಆ ಜಾಗದ ಬಾಡಿಗೆಯನ್ನು ಯಾವ ಪದಾರ್ಥದ ಲಾಭ ತುಂಬಿಕೊಡುತ್ತದೆ ಎಂದು ಕೇಳಿದರೆ ಒಂದು ನಗರದ ಊಟದ ಲೋಕ ಬಹುಮಟ್ಟಿಗೆ ಅರ್ಥವಾಗುತ್ತದೆ.

ಇದನ್ನು ಪರೀಕ್ಷಿಸಿ ನೋಡಲು ದಕ್ಷಿಣ ಭಾರತದಲ್ಲಿ ಒಂದು ಅಪರೂಪದ ಅನುಕೂಲವಿದೆ. ಉಡುಪಿ, ಕುಂದಾಪುರ, ಕಾರ್ಕಳದ ಸೀಮೆಯಿಂದ ಹೊರಟ ಜನ ಕಳೆದ ಶತಮಾನದ ಮೊದಲ ಅರ್ಧದಲ್ಲಿ ಮದರಾಸು, ಬೆಂಗಳೂರು, ಬೊಂಬಾಯಿಗಳಲ್ಲಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹೋಟೆಲು ತೆರೆದರು. ಅಡುಗೆಯ ಕೈ ಒಂದೇ, ಇಡ್ಲಿ, ದೋಸೆ, ಕಾಫಿಯ ಬಂಡವಾಳ ಒಂದೇ, ಊರಿನಿಂದ ಹುಡುಗರನ್ನು ಕರೆಸಿಕೊಂಡು ಕೆಲಸ ಕಲಿಸುವ ರೀತಿಯೂ ಒಂದೇ. ಆದರೂ ಆ ಮೂರು ಊರುಗಳಲ್ಲಿ ಹುಟ್ಟಿದ್ದು ಮೂರು ಬಗೆಯ ಹೋಟೆಲುಗಳು. ಕೈ ಒಂದೇ ಆಗಿರುವಾಗ ವ್ಯತ್ಯಾಸಕ್ಕೆ ಕಾರಣವನ್ನು ಊರಿನಲ್ಲಿಯೇ ಹುಡುಕಬೇಕಾಗುತ್ತದೆ. ಹೈದರಾಬಾದಿಗೂ ಉಡುಪಿಯವರು ಹೋದರು, ಆದರೆ ಅಲ್ಲಿನ ಹೋಟೆಲಿಗೆ ಅಚ್ಚು ಹಾಕಿದವರು ಅವರಲ್ಲ. ಆದ್ದರಿಂದಲೇ ಆ ಊರು ಈ ಹೋಲಿಕೆಯಲ್ಲಿ ಇರಬೇಕು.

ಕರಾವಳಿಯವರು ಊರು ಬಿಟ್ಟ ಕಾರಣಗಳು ಹಲವು. ಮಠ, ದೇವಸ್ಥಾನಗಳಲ್ಲಿ ನೂರಾರು ಜನರಿಗೆ ಅಡುಗೆ ಮಾಡಿದ ಅನುಭವ ಶಿವಳ್ಳಿ ಬ್ರಾಹ್ಮಣರಿಗಿತ್ತು, ಭೂಮಿ ಮಾತ್ರ ಎಲ್ಲರಿಗೂ ಇರಲಿಲ್ಲ. ‘ಮಾರಿಬೊಳ್ಳ’ ಎಂದು ತುಳುವರು ಇಂದಿಗೂ ನೆನೆಯುವ 1923ರ ನೆರೆ ಬಡತನವನ್ನು ಇನ್ನಷ್ಟು ಹೆಚ್ಚಿಸಿತು. ಹೋಗುವ ದಾರಿಯನ್ನು ಆಡಳಿತ ಮತ್ತು ಸಾರಿಗೆ ನಿರ್ಧರಿಸಿದವು. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿದ್ದುದರಿಂದ ಉಡುಪಿಯವನಿಗೆ ರಾಜಧಾನಿ ಎಂದರೆ ಮದರಾಸು. ಬೆಂಗಳೂರು ಬೇರೊಬ್ಬ ರಾಜನ ಊರು. ಘಟ್ಟ ಹತ್ತುವುದಕ್ಕಿಂತ ಮಂಗಳೂರಿನಲ್ಲಿ ಹಡಗು ಹತ್ತಿ ಬೊಂಬಾಯಿಗೆ ಹೋಗುವುದು ಎಷ್ಟೋ ಜನರಿಗೆ ಸುಲಭವಾಗಿತ್ತು.

ಮದರಾಸಿನಲ್ಲಿ ಕಡಂದಲೆಯ ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಅದು ಬರಿಯ ತಿಂಡಿಯ ಅಂಗಡಿಯಾಗಿರಲಿಲ್ಲ, ಮರಗಳ ನಡುವೆ ಹರಡಿಕೊಂಡ ವಸತಿಗೃಹವೂ ಆಗಿತ್ತು. ಆ ನಗರ ಅಗಲವಾಗಿ ಬೆಳೆದದ್ದು. ಹಳೆಯ ತೋಟದ ಬಂಗಲೆಗಳ ವಿಶಾಲ ನಿವೇಶನಗಳು ಅಲ್ಲಿ ದೊರೆಯುತ್ತಿದ್ದವು. 1962ರಲ್ಲಿ ಶುರುವಾಗಿ 2008ರಲ್ಲಿ ಮುಚ್ಚಿದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲು ಈ ವೈಶಾಲ್ಯದ ಕೊನೆಯ ಗುರುತು: ತೋಟಗಾರಿಕಾ ಸಂಘದ ನೆಲದಲ್ಲಿ, ಮರದ ನೆರಳಿನಲ್ಲಿ ಕಾರು ನಿಲ್ಲಿಸಿ, ಒಂದು ಕಾಫಿಗೆ ಗಂಟೆಗಟ್ಟಲೆ ಮಾತಾಡುವ ಜಾಗ. ಅಂಥ ಹೋಟೆಲನ್ನು ಬೊಂಬಾಯಿಯ ಮಾಟುಂಗಾದಲ್ಲಿ ಊಹಿಸಿಕೊಳ್ಳಲೂ ಆಗದು.

ಮದರಾಸಿನ ಇನ್ನೊಂದು ಮುಖ ತಿರುವಲ್ಲಿಕ್ಕೇಣಿಯ (ಟ್ರಿಪ್ಲಿಕೇನ್) ಮೆಸ್ಸುಗಳದ್ದು. ಅಲ್ಲಿ ‘ಮ್ಯಾನ್ಷನ್’ ಎಂದು ಕರೆಯುವ ಕಟ್ಟಡಗಳಲ್ಲಿ ಒಂಟಿ ಗಂಡಸರು ಸಣ್ಣ ಕೋಣೆಗಳಲ್ಲಿ ಬಾಡಿಗೆಗಿದ್ದರು. ಗುಮಾಸ್ತರು, ಸಿನಿಮಾದಲ್ಲಿ ಅವಕಾಶ ಹುಡುಕಿ ಬಂದವರು, ಸರ್ಕಾರಿ ಪರೀಕ್ಷೆಗೆ ಓದುವವರು ಹೀಗೆ ಬಂದ ಯಾರ ಕೋಣೆಯಲ್ಲಿಯೂ ಒಲೆಯಿಲ್ಲ. ಇವರಿಗೆ ಬೇಕಾದದ್ದು ಹೊಸ ರುಚಿಯಲ್ಲ, ದಿನಕ್ಕೆರಡು ಹೊತ್ತು ಮನೆಯಂಥ ಊಟ. ಮೆಸ್ಸಿನ ಲೆಕ್ಕ ಆ ಅಗತ್ಯದಿಂದಲೇ ಹುಟ್ಟುತ್ತದೆ: ಮೊದಲೇ ಟೋಕನ್ನು, ಎಲೆಯ ಮೇಲೆ ನಿಗದಿಯಾದ ಊಟ, ಎದ್ದವನ ಜಾಗಕ್ಕೆ ಕಾದು ನಿಂತವನು. ಪಟ್ಟಿಯಲ್ಲಿ ಆಯ್ಕೆಯೇ ಇಲ್ಲದ ಕಾರಣ ಯಾವ ಪದಾರ್ಥವೂ ಉಳಿದು ಹಾಳಾಗುವುದಿಲ್ಲ, ಬೆಲೆ ತಗ್ಗಿಸಲು ಅದಕ್ಕಿಂತ ದೊಡ್ಡ ಉಪಾಯವಿಲ್ಲ. ತಿರುವಲ್ಲಿಕ್ಕೇಣಿಯ ಕಾಶಿ ವಿನಾಯಕ ಮೆಸ್ಸಿನ ಮುಂದಿನ ಸಾಲು ಈ ಲೆಕ್ಕದ ಜೀವಂತ ಉದಾಹರಣೆ.

ಚೆನ್ನೈಗೆ ಬಂದ ಹೊರಗಿನವರಿಗೆ ಸಾಮಾನ್ಯವಾಗಿ ಅರ್ಥವಾಗದ ಸಂಗತಿ ಒಂದಿದೆ. ಇಷ್ಟು ದೊಡ್ಡ ಊರಿನಲ್ಲಿ ಬೀದಿ ಬದಿಯ ಮಧ್ಯಮ ದರ್ಜೆಯ ಹೋಟೆಲಿನಲ್ಲಿ ಊಟದ ಜೊತೆ ಒಂದು ಬಿಯರು ಏಕೆ ಸಿಗುವುದಿಲ್ಲ? ಉತ್ತರ ತಮಿಳರ ಸಂಸ್ಕೃತಿಯಲ್ಲಿಲ್ಲ, ಪರವಾನಗಿಯ ನಿಯಮದಲ್ಲಿದೆ. 2003ರಿಂದ ತಮಿಳುನಾಡಿನಲ್ಲಿ ಮದ್ಯದ ಚಿಲ್ಲರೆ ವ್ಯಾಪಾರ ಸರ್ಕಾರಿ ಸಂಸ್ಥೆಯಾದ ಟಾಸ್ಮ್ಯಾಕ್‌ನದು; ಕೂತು ಕುಡಿಯುವ ಅವಕಾಶ ಮುಖ್ಯವಾಗಿ ಆ ಅಂಗಡಿಗಳಿಗೆ ಅಂಟಿದ ಬಾರುಗಳಿಗೆ, ಕ್ಲಬ್ಬುಗಳಿಗೆ, ನಕ್ಷತ್ರ ದರ್ಜೆಯ ಹೋಟೆಲುಗಳಿಗೆ. ಮದ್ಯದ ಲಾಭವಿಲ್ಲದ ಹೋಟೆಲು ಊಟದಿಂದಲೇ ಬಾಡಿಗೆ ದುಡಿಯಬೇಕು, ಅಂದರೆ ಕುರ್ಚಿ ಬೇಗ ಖಾಲಿಯಾಗಬೇಕು. ಚೆನ್ನೈನ ಹೋಟೆಲುಗಳ ಚುರುಕು, ರಾತ್ರಿ ಅವು ಬೇಗ ಬಾಗಿಲು ಹಾಕುವುದು, 1981ರಲ್ಲಿ ಕೆ.ಕೆ. ನಗರದಲ್ಲಿ ಆರಂಭವಾದ ಸರವಣ ಭವನದಂಥ ಸಸ್ಯಾಹಾರಿ ಸರಪಳಿಗಳು ಅಷ್ಟು ದೊಡ್ಡದಾಗಿ ಬೆಳೆದದ್ದು, ಇವೆಲ್ಲದರ ಹಿಂದೆ ಈ ಸಂಗತಿಯ ಪಾಲು ಸಾಕಷ್ಟಿದೆ ಎಂದು ನನಗನ್ನಿಸುತ್ತದೆ.

ಮುಂಬೈ ಇದರ ತಲೆಕೆಳಗು. ಅಲ್ಲಿ ನೆಲವೇ ದುಬಾರಿ, ಆದರೆ ಎಲ್ಲರಿಗೂ ಅಲ್ಲ. 1947ರ ಬೊಂಬಾಯಿ ಬಾಡಿಗೆ ಕಾಯಿದೆ ಹಳೆಯ ಕಟ್ಟಡಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಹೀಗಾಗಿ ಒಂದೇ ರಸ್ತೆಯಲ್ಲಿ ಎರಡು ಅರ್ಥವ್ಯವಸ್ಥೆಗಳು ಅಕ್ಕಪಕ್ಕ ಬಾಳಿದವು. ಯಜ್ದ್, ಕೆರ್ಮಾನ್‌ಗಳಿಂದ ಬಂದ ಜರತುಷ್ಟ್ರ ಧರ್ಮದ ಇರಾನಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ರಸ್ತೆಯ ಮೂಲೆಗಳಲ್ಲಿ ತೆರೆದ ಕೆಫೆಗಳು, ಉದಾಹರಣೆಗೆ 1904ರ ಕಯಾನಿ, 1923ರ ಬ್ರಿಟಾನಿಯಾ, ಒಂದು ಬ್ರುನ್ ಮಸ್ಕಾ (ಬೆಣ್ಣೆ ಸವರಿದ ಗರಿಗರಿ ಬ್ರೆಡ್ಡು) ಮತ್ತು ಚಹಾಕ್ಕೆ ಗಿರಾಕಿಯನ್ನು ಅರ್ಧ ದಿನ ಕೂರಿಸಿಕೊಳ್ಳಬಲ್ಲವು. ಇದನ್ನು ಇರಾನಿಗಳ ಔದಾರ್ಯವೆಂದು ಬಣ್ಣಿಸುವುದು ರೂಢಿ. ಔದಾರ್ಯ ಇದ್ದೀತು, ಕಟ್ಟಿಹಾಕಿದ ಬಾಡಿಗೆಯೂ ಇತ್ತು. ಮುಂದಿನ ತಲೆಮಾರು ಬೇರೆ ವೃತ್ತಿ ಹಿಡಿದಾಗ, ಕಟ್ಟಡ ಮರುನಿರ್ಮಾಣಕ್ಕೆ ಬಂದಾಗ, ಅಂಥ ಕೆಫೆಗಳು ಒಂದೊಂದಾಗಿ ಮುಚ್ಚಿದವು. ಹೊಸ ಬಾಡಿಗೆಯಲ್ಲಿ ಆ ಚಹಾದ ಲೆಕ್ಕ ಕೂಡುವುದಿಲ್ಲ.

ಉಡುಪಿಯವರು ಮುಂಬೈಗೆ ಬಂದಾಗ ಮೊದಲು ನೆಲೆ ನಿಂತದ್ದು ಮಾಟುಂಗಾ, ಕೋಟೆ ಪ್ರದೇಶ ಮತ್ತು ಬಟ್ಟೆ ಗಿರಣಿಗಳ ಸುತ್ತ. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾ ನಿಲ್ದಾಣದ ಬಳಿ ತೆರೆದ ಶ್ರೀಕೃಷ್ಣ ಬೋರ್ಡಿಂಗ್ ದಕ್ಷಿಣದಿಂದ ಬಂದ ಒಂಟಿ ಗುಮಾಸ್ತರಿಗೆ ಬಾಳೆಲೆಯ ಊಟ ಬಡಿಸಿತು. ತಿರುವಲ್ಲಿಕ್ಕೇಣಿಯ ಮೆಸ್ಸಿನ ಅಗತ್ಯವೇ ಇಲ್ಲಿಯೂ ಅದೇ ಉತ್ತರವನ್ನು ಹುಟ್ಟಿಸಿತು. ಗಿರಣಿಗಳ ಸೀಮೆಯಲ್ಲಿ ಈ ಕೆಲಸವನ್ನು ಖಾನಾವಳಿಗಳು ಮಾಡುತ್ತಿದ್ದವು. ಊರಿನಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದ ಕಾರ್ಮಿಕರಿಗೆ ಚಾಳಿನ ಹೆಂಗಸರು ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದರು, ಬಡ್ಡಿ ಸಾಹುಕಾರರ ಕೈಯಿಂದ ಆ ಹೆಂಗಸರನ್ನು ಬಿಡಿಸಲು 1975ರಲ್ಲಿ ಪ್ರೇಮಾ ಪುರಾವ್ ಅನ್ನಪೂರ್ಣ ಮಹಿಳಾ ಮಂಡಳ ಕಟ್ಟಿದರು. ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಲ್ಲಿ ಇಂದಿಗೂ ‘ಖಾನಾವಳಿ’ ಎಂಬ ಫಲಕ ಕಾಣುವುದು ಆ ಜಿಲ್ಲೆಗಳು ಬೊಂಬಾಯಿ ಪ್ರಾಂತ್ಯದಲ್ಲಿದ್ದ ಕಾಲದ ನಂಟಿನಿಂದ; ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸುವ ಆ ಊಟದ ಮನೆಗಳ ಲೆಕ್ಕಾಚಾರವೂ ಮೆಸ್ಸಿನದೇ.

ಆದರೆ ಮುಂಬೈನ ಉಡುಪಿ ಹೋಟೆಲು ಮೆಸ್ಸಾಗಿ ಉಳಿಯಲಿಲ್ಲ. ಅದರ ಮುಂದೆ ಗುಜರಾತಿ, ಮರಾಠಿ, ಪಂಜಾಬಿ, ಸಿಂಧಿ ಗಿರಾಕಿಗಳಿದ್ದರು, ದಿನದ ಒಂದು ಗಂಟೆಯೂ ಕುರ್ಚಿ ಖಾಲಿ ಬಿಡಲಾಗದ ನೆಲದ ಬೆಲೆಯಿತ್ತು. ಆದ್ದರಿಂದ ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಥಾಲಿ, ಸಂಜೆ ಗಿರಣಿಗಳ ಸುತ್ತ ಹುಟ್ಟಿದ ಪಾವ್ ಭಾಜಿ, ರಾತ್ರಿ ಪಂಜಾಬಿ ಪನ್ನೀರು ಮತ್ತು ಚೈನೀಸು ಎಂದು ಒಂದೇ ಅಡುಗೆಮನೆ ನಾಲ್ಕು ವೇಷ ಹಾಕಿತು. ಇದನ್ನು ಕಲಬೆರಕೆ ಎಂದು ಮೂಗು ಮುರಿಯುವವರಿದ್ದಾರೆ. ನನಗಂತೂ ಅದು ಆ ಊರಿಗೆ ಕೊಟ್ಟ ಅತ್ಯಂತ ಪ್ರಾಮಾಣಿಕ ಉತ್ತರವೆನಿಸುತ್ತದೆ.

ಮದ್ಯದ ಕಾನೂನು ಇಲ್ಲಿಯೂ ಕೆಲಸ ಮಾಡಿತು, ಆದರೆ ಚೆನ್ನೈಗೆ ವಿರುದ್ಧವಾಗಿ. 1949ರ ಪಾನನಿಷೇಧ ಕಾಯಿದೆ ಅರವತ್ತರ ದಶಕದಲ್ಲಿ ಸಡಿಲಗೊಂಡ ಮೇಲೆ, ಕುಡಿಯುವವನ ಬಳಿ ಪರ್ಮಿಟ್ ಇರಬೇಕೆಂಬ ಷರತ್ತಿನೊಡನೆ ‘ಪರ್ಮಿಟ್ ರೂಮ್’ಗಳು ಹುಟ್ಟಿದವು. ಬಂಟ ಸಮುದಾಯದ ಅನೇಕರು ಈ ವ್ಯವಹಾರಕ್ಕಿಳಿದರು. 1974ರ ನಂತರ ಕರ್ನಾಟಕದಲ್ಲಿ ‘ಉಳುವವನೇ ಹೊಲದೊಡೆಯ’ ಕಾಯಿದೆ ಜಾರಿಗೆ ಬಂದು ಗೇಣಿಯ ಭೂಮಿ ಕೈಬಿಟ್ಟಾಗ ಊರು ಬಿಟ್ಟವರ ಸಂಖ್ಯೆ ಇನ್ನೂ ಹೆಚ್ಚಿತು. ಮೊಗವೀರರು, ಬಂಟರು ತಂದ ಮೀನು ಗಸಿ, ಕೋಳಿ ಸುಕ್ಕಾ, ನೀರುದೋಸೆಗಳು ಕೋಟೆ ಪ್ರದೇಶದ ಮಹೇಶ್ ಲಂಚ್ ಹೋಮ್‌ನಂಥ ಕಡೆ ದೊಡ್ಡ ಹೆಸರಾದವು. ಹೀಗೆ ಮುಂಬೈನಲ್ಲಿ ‘ಶೆಟ್ಟರ ಹೋಟೆಲು’ ಎಂದರೆ ಮೀನು ಮತ್ತು ಬಿಯರಿನ ಜಾಗವೂ ಆಯಿತು. ಬೆಂಗಳೂರಿನಲ್ಲಿ ‘ಉಡುಪಿ ಹೋಟೆಲು’ ಎಂದರೆ ಈಗಲೂ ಶುದ್ಧ ಸಸ್ಯಾಹಾರಿ.

ಈ ಕಥೆಯಲ್ಲಿ ಕಹಿಯೂ ಇದೆ. 1966ರಲ್ಲಿ ಹುಟ್ಟಿದ ಶಿವಸೇನೆಯ ಮೊದಲ ಚಳವಳಿಗಳು ದಕ್ಷಿಣದವರ ವಿರುದ್ಧವೇ ಇದ್ದು, ಉಡುಪಿ ಹೋಟೆಲುಗಳು ಕಲ್ಲೇಟು ತಿಂದವು. ಅದೇ ಕಾಲದಲ್ಲಿ ದಾದರ್ ನಿಲ್ದಾಣದ ಹೊರಗೆ ಕಾಣಿಸಿಕೊಂಡ ವಡಾಪಾವ್‌ಗೆ ಮರಾಠಿ ಹುಡುಗರ ಸ್ವಂತ ಉದ್ಯೋಗವೆಂಬ ರಾಜಕೀಯ ಬೆಂಬಲ ಸಿಕ್ಕಿತು. ಇನ್ನೊಂದು ಕಹಿ ಹೋಟೆಲಿನ ಒಳಗಿನದು. ಊರಿನಿಂದ ಬಂದ ಮಾಣಿಗಳು ಹತ್ತು ಹನ್ನೆರಡು ವರ್ಷದ ಹುಡುಗರು. ಹಗಲೆಲ್ಲ ಲೋಟ ತೊಳೆದು ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದವರ ಕಥೆಯನ್ನು ಮುಂಬೈ ಕನ್ನಡಿಗರು ಹೆಮ್ಮೆಯಿಂದ ಹೇಳುತ್ತಾರೆ, ಹೆಮ್ಮೆ ಸರಿಯಾದದ್ದೇ. ಮೇಲೆ ಬಾರದೆ ಉಳಿದವರ ಲೆಕ್ಕವನ್ನು ಯಾರೂ ಇಡಲಿಲ್ಲ. ಹೋಟೆಲು, ಧಾಬಾಗಳಲ್ಲಿ ಮಕ್ಕಳ ದುಡಿಮೆಯನ್ನು ಕಾನೂನು ನಿಷೇಧಿಸಿದ್ದು 2006ರಲ್ಲಿ.

ಈಗ ಬೆಂಗಳೂರಿಗೆ ಬರೋಣ. 1924ರಲ್ಲಿ ಮಯ್ಯ ಸಹೋದರರು ತೆರೆದ, ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾದ ಎಂ.ಟಿ.ಆರ್., 1943ರ ವಿದ್ಯಾರ್ಥಿ ಭವನ ಇವೆಲ್ಲ ಕೂತು ತಿನ್ನುವ ಜಾಗಗಳೇ. ಎಂ.ಟಿ.ಆರ್. ಕಥೆಯಲ್ಲಿ ಕಾನೂನಿನ ಕೈ ಮತ್ತೆ ಕಾಣುತ್ತದೆ: ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಯ ಬೆಲೆ ಇಳಿಸಿ ಗೊತ್ತುಮಾಡಿದಾಗ, ಆ ಬೆಲೆಗೆ ಗುಣಮಟ್ಟ ಉಳಿಸಲಾಗದೆ ಹೋಟೆಲನ್ನು ಮುಚ್ಚಿ, ಕೆಲಸಗಾರರಿಗೆ ದುಡಿಮೆ ಒದಗಿಸಲು ಪುಡಿ ಮತ್ತು ಸಿದ್ಧ ಹಿಟ್ಟಿನ ವ್ಯಾಪಾರಕ್ಕೆ ಇಳಿದರು. ಇಂದು ಅಂಗಡಿಗಳ ಕಪಾಟಿನಲ್ಲಿರುವ ರವೆ ಇಡ್ಲಿ ಪೊಟ್ಟಣದ ಮೂಲ ಅಲ್ಲಿದೆ.

ಆದರೆ ಬೆಂಗಳೂರು ಹೊಸದಾಗಿ ಕಂಡುಹಿಡಿದದ್ದು ಕುರ್ಚಿಯೇ ಇಲ್ಲದ ಹೋಟೆಲನ್ನು. 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ಆರಂಭಿಸಿದ ಕೆಫೆ ದರ್ಶಿನಿ ಆ ಮಾದರಿಯನ್ನು ಸ್ಥಾಪಿಸಿತು. ಮೊದಲು ಹಣ, ಆಮೇಲೆ ಚೀಟಿ, ಚೀಟಿ ಕೊಟ್ಟರೆ ಕಣ್ಣೆದುರೇ ತಿಂಡಿ, ನಿಂತು ತಿನ್ನಲು ಎದೆಯೆತ್ತರದ ಮೇಜು. ಬಡಿಸುವವರ ಸಂಬಳವಿಲ್ಲ, ಕೂರುವ ಜಾಗದ ಬಾಡಿಗೆಯಿಲ್ಲ. ಮನೆಯ ಮುಂದಿನ ಅಂಗಡಿಯಷ್ಟು ಜಾಗದಲ್ಲಿ ಇಡೀ ಹೋಟೆಲು ನಿಲ್ಲುತ್ತದೆ. ಅಡುಗೆಮನೆ ತೆರೆದಿರುವುದರಿಂದ ಶುಚಿತ್ವವನ್ನು ಗಿರಾಕಿಯೇ ಕಾವಲು ಕಾಯುತ್ತಾನೆ. ಜಾತಿಯ ಪ್ರಶ್ನೆಗೂ ಇದರಿಂದ ಒಂದು ಅಡ್ಡ ಪರಿಣಾಮವಾಯಿತು ಎಂದು ನಾನು ನಂಬುತ್ತೇನೆ. ಹಳೆಯ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಜಾಗವಿದ್ದ ಕಾಲವೊಂದಿತ್ತು. ಮದರಾಸಿನಲ್ಲಿ ‘ಬ್ರಾಹ್ಮಣರ ಹೋಟೆಲು’ ಎಂಬ ಫಲಕದ ವಿರುದ್ಧ ಪೆರಿಯಾರ್ 1957ರಲ್ಲಿ ಚಳವಳಿಯನ್ನೇ ನಡೆಸಿದರು. ಒಂದೇ ಮೇಜಿಗೆ ಮೊಣಕೈ ಊರಿ ಆಟೋ ಚಾಲಕನೂ ಬ್ಯಾಂಕಿನ ಅಧಿಕಾರಿಯೂ ನಿಲ್ಲುವಲ್ಲಿ ಅಂಥ ಗೆರೆ ಎಳೆಯಲು ಜಾಗವೇ ಇಲ್ಲ. ಅಡುಗೆಯವರ ಕಡೆಗೆ, ಅಂದರೆ ಒಲೆಯ ಮುಂದೆ ಯಾರಿದ್ದಾರೆ ಎಂಬಲ್ಲಿಗೆ, ಈ ಸಮಾನತೆ ತಲುಪಿತೇ ಎಂಬುದು ಬೇರೆ ಪ್ರಶ್ನೆ.

ದರ್ಶಿನಿ ಬೆಂಗಳೂರಿನಲ್ಲೇ ಏಕೆ ಬೇರೂರಿತು? ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳು ಮಧ್ಯಾಹ್ನದ ಊಟವನ್ನು ತಮ್ಮ ಕ್ಯಾಂಟೀನುಗಳಲ್ಲಿ ರಿಯಾಯಿತಿ ದರಕ್ಕೆ ಹಾಕುತ್ತಿದ್ದುದರಿಂದ, ಹೊರಗೆ ಉಳಿದದ್ದು ಬೆಳಗಿನ ಮತ್ತು ಸಂಜೆಯ ತಿಂಡಿಯ ಹಸಿವು ಎಂಬುದು ನನ್ನ ಊಹೆ. ಹವೆ ತಂಪಾಗಿದ್ದು ಪಾದಚಾರಿ ಹಾದಿಯಲ್ಲಿ ನಿಂತು ಕಾಫಿ ಕುಡಿಯಬಹುದಾದ ಊರೂ ಹೌದು. ಮೇ ತಿಂಗಳ ಚೆನ್ನೈನಲ್ಲಿ ಅದನ್ನು ಯಾರೂ ಬಯಸುವುದಿಲ್ಲ. ‘ಬೈ ಟೂ’ ಕಾಫಿಯೂ ಇಂಥ ನಿಂತ ಸಮಯಕ್ಕೆ ಹೇಳಿಮಾಡಿಸಿದ್ದು.

ಬೆಂಗಳೂರು ಎಂದರೆ ದರ್ಶಿನಿ ಮಾತ್ರ ಎನ್ನುವುದು ಮಾತ್ರ ತಪ್ಪು. ಪೇಟೆ ಮತ್ತು ದಂಡು (ಬ್ರಿಟಿಷರ ಕಂಟೋನ್ಮೆಂಟ್) 1949ರವರೆಗೆ ಬೇರೆ ಬೇರೆ ಆಡಳಿತದ ಎರಡು ಊರುಗಳಾಗಿದ್ದವು. ಫ್ರೇಜರ್ ಟೌನಿನ ಕಬಾಬು, ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ಹೋಟೆಲು ದಂಡಿನವು, ಗಾಂಧಿ ಬಜಾರಿನ ದೋಸೆ ಪೇಟೆಯ ಕಡೆಯದು. ಪೇಟೆಯ ಕಡೆಯೇ ಮಿಲಿಟರಿ ಹೋಟೆಲುಗಳು ಮುದ್ದೆ, ಮಟನ್ ಸಾರು, ದೊನ್ನೆ ಬಿರಿಯಾನಿ ಬಡಿಸುತ್ತ ಬಂದಿವೆ, ಹೊರಗಿನವರ ಬರಹಗಳಲ್ಲಿ ಅವುಗಳಿಗೆ ಸಿಗುವ ಜಾಗ ತೀರ ಕಡಿಮೆ. ಹಾಸನದ ಅಯ್ಯಂಗಾರರು ಮೊಟ್ಟೆಯಿಲ್ಲದ ಬೇಕರಿ ಕಟ್ಟಿದ್ದೂ ದಂಡಿನ ಬ್ರೆಡ್ಡನ್ನು ಪೇಟೆಯ ಮಡಿಗೆ ಒಗ್ಗಿಸಿದ ಉಪಾಯವೇ. 1992ರಿಂದ ಕರ್ನಾಟಕದಲ್ಲಿ ಬಾರ್ ನಡೆಸಲು ಬೇಕಾದ ಹೊಸ ಸಿಎಲ್-9 ಪರವಾನಗಿ ಕೊಡುವುದನ್ನು ನಿಲ್ಲಿಸಿದ್ದರಿಂದ ಹಳೆಯ ‘ಬಾರ್ ಅಂಡ್ ರೆಸ್ಟೋರೆಂಟ್’ ಪರವಾನಗಿಗಳೇ ಆಸ್ತಿಯಂತೆ ಕೈ ಬದಲಾಯಿಸುತ್ತ ಬಂದವು. ಅಂಥ ಬಂಡವಾಳ ಹೂಡಿದವರು ಕುರ್ಚಿಗೆ ಎರಡು ಗಂಟೆ ಕೊಡಬಲ್ಲರು, ಏಕೆಂದರೆ ಬಾಡಿಗೆಯನ್ನು ತುಂಬಿಕೊಡುವುದು ಊಟವಲ್ಲ.

ಹೈದರಾಬಾದಿನಲ್ಲಿ ಕುರ್ಚಿ ಮತ್ತೆ ಮುಖ್ಯವಾಗುತ್ತದೆ. ಅಲ್ಲಿನ ಇರಾನಿ ಹೋಟೆಲುಗಳವರು ಬಹುತೇಕ ಇರಾನಿನ ಮುಸ್ಲಿಮರು. ಡಿಕಾಕ್ಷನ್ನನ್ನು ಮುಚ್ಚಿದ ಪಾತ್ರೆಯಲ್ಲಿ ಕುದಿಸಿ ಕುದಿಸಿ ಇಟ್ಟು, ಹಾಲನ್ನು ಬೇರೆಯೇ ಇಂಗಿಸಿ, ಕಪ್ಪಿನಲ್ಲಿ ಕೂಡಿಸುವ ಚಹಾ, ಜೊತೆಗೆ ಉಸ್ಮಾನಿಯಾ ಬಿಸ್ಕತ್ತು, ಮತ್ತು ಮುಗಿಯದ ಮಾತು. ಅಬಿಡ್ಸ್‌ನ ತಾಜ್ ಮಹಲ್ ಹೋಟೆಲಿನಂಥ ದಕ್ಷಿಣದ ಸಸ್ಯಾಹಾರಿ ಹೋಟೆಲುಗಳು ಅಲ್ಲಿ ಹಳೆಯವೇ, ಗೌರವವುಳ್ಳವೇ. ಊರಿನ ಗುರುತಾಗಿ ನಿಂತದ್ದು ಮಾತ್ರ ಬಿರಿಯಾನಿ. 1953ರಲ್ಲಿ ಸಿಕಂದರಾಬಾದಿನ ಒಂದು ಚಿತ್ರಮಂದಿರದಲ್ಲಿ ಸಣ್ಣ ಕೆಫೆಯಾಗಿ ಶುರುವಾದ ಪ್ಯಾರಡೈಸ್ ಬಿರಿಯಾನಿಯಿಂದಲೇ ಬೆಳೆಯಿತು. ನಿಜಾಮರ ಸೈನ್ಯಕ್ಕೆ ಯೆಮನ್‌ನ ಹದ್ರಮೌತ್‌ನಿಂದ ಬಂದ ಅರಬರು ನೆಲೆಸಿದ ಬಾರ್ಕಾಸ್ ಬಡಾವಣೆ ಈಗ ‘ಮಂದಿ’ ಎಂಬ ಅರಬ್ ಮಾಂಸದನ್ನಕ್ಕೆ ಪ್ರಸಿದ್ಧ. ರಂಜಾನಿನ ರಾತ್ರಿಗಳ ಹಲೀಮ್‌ಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಕಲಬುರಗಿಯಲ್ಲಿ ತಹರಿ ಎಂಬ ಮಸಾಲೆ ಅನ್ನದ ಅಂಗಡಿಗಳು ಆ ಲೋಕದ ಸಣ್ಣ ಕೊಂಬೆಯೊಂದನ್ನು ಉಳಿಸಿಕೊಂಡಿವೆ.

ಬಿರಿಯಾನಿ ಮತ್ತು ದೋಸೆಯ ವ್ಯತ್ಯಾಸದಲ್ಲಿಯೇ ಈ ಎರಡು ಊರುಗಳ ಹೋಟೆಲಿನ ವ್ಯತ್ಯಾಸ ಅಡಗಿದೆ. ಕಚ್ಚಿ ಬಿರಿಯಾನಿಯಲ್ಲಿ ಮೊಸರು, ಮಸಾಲೆಯಲ್ಲಿ ನೆನೆದ ಹಸಿ ಮಾಂಸದ ಮೇಲೆ ಅರೆಬೆಂದ ಅಕ್ಕಿ ಹರಡಿ, ಹಂಡೆಯ ಬಾಯನ್ನು ಹಿಟ್ಟಿನಿಂದ ಮುಚ್ಚಿ ದಮ್ಮಿಗೆ ಇಡುತ್ತಾರೆ. ಗಿರಾಕಿ ಕೇಳಿದ ಮೇಲೆ ಅದನ್ನು ಮಾಡಲಾಗದು, ಆತ ಬರುವ ಮುಂಚೆಯೇ ನೂರು ಜನರ ಅಂದಾಜು ಕಟ್ಟಬೇಕು. ತೆರೆದ ಹಂಡೆ ಒಳ್ಳೆಯ ಸ್ಥಿತಿಯಲ್ಲಿರುವಾಗಲೇ ಮಾರಿ ಮುಗಿಸಬೇಕು. ದೋಸೆ ಹೀಗಲ್ಲ. ಹಿಟ್ಟು ಹಿಂದಿನ ದಿನದ್ದು, ದೋಸೆ ಆ ಕ್ಷಣದ್ದು. ಕಾವಲಿಯ ಅಗಲವೇ ಹೋಟೆಲಿನ ಸಾಮರ್ಥ್ಯದ ಮಿತಿ. ಬಿರಿಯಾನಿ ಡಬ್ಬಿಯಲ್ಲಿ ಅರ್ಧ ಗಂಟೆ ಬಿಸಿಯಾಗಿಯೇ ಪ್ರಯಾಣಿಸುತ್ತದೆ, ದೋಸೆ ತನ್ನ ಹಬೆಯಲ್ಲಿ ತಾನೇ ಮೆತ್ತಗಾಗುತ್ತದೆ. ಮನೆಗೆ ತಲುಪಿಸುವ ಆ್ಯಪುಗಳು ಬಂದ ಮೇಲೆ ಇದರ ಪರಿಣಾಮ ಸ್ಪಷ್ಟವಾಗಿದೆ: ಸ್ವಿಗ್ಗಿಯ ವಾರ್ಷಿಕ ಪಟ್ಟಿಗಳಲ್ಲಿ ವರ್ಷ ವರ್ಷವೂ ಮೊದಲ ಸ್ಥಾನ ಬಿರಿಯಾನಿಗೇ. ಕುರ್ಚಿಯೂ ಇಲ್ಲದ, ಫಲಕವೂ ಇಲ್ಲದ ಅಡುಗೆಮನೆಗಳು ಬಿರಿಯಾನಿ ಮಾರಿಯೇ ಬದುಕಬಲ್ಲವು. ಒಳ್ಳೆಯ ದೋಸೆ ಬೇಕಾದವನು ಮಾತ್ರ ಎದ್ದು ಹೋಗಲೇಬೇಕು. ಭಾನುವಾರ ಬೆಳಗ್ಗೆ ವಿದ್ಯಾರ್ಥಿ ಭವನದ ಮುಂದೆ ಜನ ಹೆಸರು ಬರೆಸಿ ಕಾಯುವುದಕ್ಕೆ ಹಳೆಯ ಅಭಿಮಾನದಷ್ಟೇ ಈ ಭೌತಶಾಸ್ತ್ರವೂ ಕಾರಣ.

ಆದ್ದರಿಂದ ಒಂದು ಊರಿನ ಊಟವನ್ನು ಇನ್ನೊಂದು ಊರಿನಲ್ಲಿ ಹುಡುಕುವವರು ನಿರಾಶರಾಗುವುದು ಸಹಜ. ಚೆನ್ನೈನಲ್ಲಿ ಸಂಜೆಯ ಹರಟೆಗೆ ಬಾರು ಹುಡುಕುವವನು, ಬೆಂಗಳೂರಿನಲ್ಲಿ ನಡುರಾತ್ರಿ ಊಟ ಹುಡುಕುವವನು, ಮುಂಬೈನಲ್ಲಿ ದರ್ಶಿನಿಯ ಬೆಲೆಗೆ ದೋಸೆ ಹುಡುಕುವವನು, ಮೂವರೂ ಆ ಊರಿನ ಅಡುಗೆಯವರನ್ನು ಬೈಯುತ್ತಾರೆ. ಬೈಯಬೇಕಾದದ್ದು ಅಬಕಾರಿ ನಿಯಮವನ್ನು, ಬಾಗಿಲು ಮುಚ್ಚುವ ಹೊತ್ತಿನ ನಿಯಮವನ್ನು, ನೆಲದ ಬೆಲೆಯನ್ನು. ತೀರ ಅಗ್ಗದ ಊಟದ ವಿಷಯದಲ್ಲಿ ಸರ್ಕಾರಗಳೇ ಒಂದರಿಂದೊಂದು ಕಲಿತಿವೆ: ತಮಿಳುನಾಡು 2013ರಲ್ಲಿ ಅಮ್ಮ ಉಣವಗಂ ತೆರೆದು ರೂಪಾಯಿಗೊಂದು ಇಡ್ಲಿ ಕೊಟ್ಟಿತು, ಕರ್ನಾಟಕ 2017ರಲ್ಲಿ ಇಂದಿರಾ ಕ್ಯಾಂಟೀನಿನಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ ಹಾಕಿತು.

ಖಾಸಗಿಯವರ ಕಲಿಕೆ ಈಗ ಹಿಮ್ಮುಖವಾಗಿ ಸಾಗುತ್ತಿದೆ. 2021ರಲ್ಲಿ ಬೆಂಗಳೂರಿನ ಇಂದಿರಾನಗರದಲ್ಲಿ ಆರಂಭವಾದ ರಾಮೇಶ್ವರಂ ಕೆಫೆ ಹೈದರಾಬಾದಿಗೂ ಹೋಗಿದೆ. ಮುಂಬೈನಲ್ಲಿ ‘ಬೆಂಗಳೂರಿನ ಬೆಣ್ಣೆ ದೋಸೆ’ ಎಂದೇ ಹೇಳಿಕೊಂಡು ಮಾರುವ ಸಣ್ಣ ಹೋಟೆಲುಗಳ ಮುಂದೆ ಸಾಲು ನಿಲ್ಲುತ್ತಿದೆ. ಎಂಬತ್ತು ವರ್ಷ ದೋಸೆ ತಿಂದ ಊರಿಗೆ ಮತ್ತೆ ದೋಸೆಯನ್ನೇ ಹೊಸದೆಂದು ಮಾರಲು ಸಾಧ್ಯವಾಗಿರುವುದು, ಮುಂಬೈನ ಉಡುಪಿ ಹೋಟೆಲು ಅಷ್ಟು ಕಾಲದಲ್ಲಿ ಅಷ್ಟು ದೂರ ಸಾಗಿರುವುದರಿಂದ. ಅಲ್ಲಿ ‘ಮೈಸೂರು ಮಸಾಲ’ ಎಂದು ಕೇಳಿದರೆ ಕೆಂಪು ಚಟ್ನಿಯ ಮೇಲೆ ತರಕಾರಿ ಮತ್ತು ಬೆಣ್ಣೆ ಹಾಕಿ, ಪಾವ್ ಭಾಜಿಯ ಭಾಜಿಯಂತೆಯೇ ಕಾವಲಿಯ ಮೇಲೆ ಹಿಸುಕಿ ಸವರಿದ ದೋಸೆ ಬರುತ್ತದೆ. ಮೈಸೂರಿನವರು ಅದನ್ನು ತಮ್ಮದೆಂದು ಒಪ್ಪಲಾರರು, ಮುಂಬೈನವರು ಬಿಟ್ಟುಕೊಡಲಾರರು, ಮತ್ತು ಅದನ್ನು ಹಾಕುವ ಕೈ ಈಗಲೂ ಎಷ್ಟೋ ಕಡೆ ಕುಂದಾಪುರದ್ದು.